ಶಾಂತಮ್ಮನ ಹೆಪ್ಪು

ಮಗುವಿನ ಹಣೆ ಬಿಸಿಯಾದರೆ ಹೆದರುವುದು ಎಲ್ಲ ತಾಯಂದಿರಿಗೂ ಗೊತ್ತು. ಒದ್ದೆ ಬಟ್ಟೆ ಹಾಕುತ್ತಾರೆ, ಮಾತ್ರೆ ಹುಡುಕುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಆಟೊ ಹಿಡಿದು ಡಾಕ್ಟರ ಹತ್ತಿರ ಓಡುತ್ತಾರೆ. ಹಣೆ ತಣ್ಣಗಿದ್ದಾಗ ಹೆದರಬೇಕು ಎಂದು ಮಾತ್ರ ಯಾರಿಗೂ ಯಾರೂ ಕಲಿಸಿಲ್ಲ. ಹೇಮಾವತಿ ಅದನ್ನು ಕಲಿತಳು. ಕಲಿತ ರೀತಿ ಶತ್ರುವಿಗೂ ಬೇಡ.

ಅವಳು ಕೆಲಸ ಮಾಡುತ್ತಿದ್ದದ್ದು ಮೈಸೂರಿನ ಹೊರಗೆ, ಕೈಗಾರಿಕಾ ಪ್ರದೇಶದ ಕೊನೆಯಲ್ಲಿದ್ದ ಒಂದು ಪ್ರೋಟೀನ್ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಹೊಗೆ, ಗದ್ದಲ ಏನಿಲ್ಲ. ಆಳೆತ್ತರದ ಸ್ಟೀಲ್ ಟ್ಯಾಂಕುಗಳು, ಗಾಜಿನ ಆಚೆ ಕಂಟ್ರೋಲ್ ರೂಮು, ಪರದೆಯ ಮೇಲೆ ಏರಿಳಿಯುವ ಗೆರೆಗಳು. ಒಳಗೆ ಹೋಗುವವರು ತಲೆಗೆ ಟೋಪಿ, ಕಾಲಿಗೆ ಚೀಲ ಹಾಕಿಕೊಂಡು ಮದುವೆ ಮನೆಯ ಅಡಿಗೆ ಭಟ್ಟರಿಗಿಂತ ಮಡಿಯಾಗಿ ಹೋಗಬೇಕು. ಟ್ಯಾಂಕುಗಳ ಮೇಲ್ವಿಚಾರಣೆ ಹೇಮಾವತಿಯದು.

ಅಲ್ಲಿ ತಯಾರಾಗುತ್ತಿದ್ದ ವಸ್ತುವನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ನಮ್ಮ ಮೈಯೊಳಗೆ ಕಾವಲು ಕಾಯುವ ಜೀವಕೋಶಗಳಿವೆ. ಅವು ಬೀಟ್ ಪೊಲೀಸರ ಹಾಗೆ ಸುತ್ತುತ್ತಾ ಇರುತ್ತವೆ. ಎದುರಿಗೆ ಸಿಕ್ಕಿದ್ದನ್ನು ಮುಟ್ಟಿ ನೋಡಿ, ಪರಕೀಯ ಎನಿಸಿದರೆ ಹೊಡೆಯುತ್ತವೆ. ಆ ಹೊಡೆದಾಟವೇ ಜ್ವರ, ಬಾವು, ಕೀವು, ನೋವು. ಹೊಡೆತ ಮಿತಿ ಮೀರದಿರಲಿ ಎಂದು ನಮ್ಮದೇ ಜೀವಕೋಶಗಳು ತಮ್ಮ ಹೊರಪೊರೆಯ ಮೇಲೆ ಒಂದು ಬಗೆಯ ಪ್ರೋಟೀನನ್ನು ಬಾವುಟದಂತೆ ನೆಟ್ಟುಕೊಂಡಿರುತ್ತವೆ. ಕಾವಲಿನವನು ಅದನ್ನು ಮುಟ್ಟಿದ ಕೂಡಲೇ, ‘ನಮ್ಮವರೇ, ಲಾಠಿ ಇಳಿಸು’ ಎಂದು ಕೇಳಿಸಿದ ಹಾಗೆ ತಣ್ಣಗಾಗುತ್ತಾನೆ. ಕ್ಯಾನ್ಸರ್ ಗಂಟುಗಳು ಇದೇ ಬಾವುಟವನ್ನು ಕದ್ದು ಹಿಡಿದು ಬದುಕುತ್ತವೆ. ಸಂಧಿವಾತದವರಲ್ಲಿ ಈ ಬಾವುಟಕ್ಕೆ ಬೆಲೆಯೇ ಇಲ್ಲದೆ ಕಾವಲಿನವರು ಸ್ವಂತ ಮನೆಯನ್ನೇ ಕೆಡವುತ್ತಾರೆ. ಹಾಗಾಗಿ ದೇಶವಿದೇಶದ ಪ್ರಯೋಗಾಲಯಗಳಿಗೆಲ್ಲ ಈ ಪ್ರೋಟೀನು ಬೇಕು.

ಮನುಷ್ಯರಿಂದ ಅದನ್ನು ಹಿಂಡಿ ತೆಗೆಯಲಾಗುವುದಿಲ್ಲ. ಅದಕ್ಕೆ ಕಾರ್ಖಾನೆಯವರು ಆ ಪ್ರೋಟೀನನ್ನು ತಯಾರಿಸುವ ಮನುಷ್ಯರ ವಂಶವಾಹಿಯನ್ನು ಹಾಲು ಹುಳಿಸುವ ಒಂದು ಸಾಧು ಬ್ಯಾಕ್ಟೀರಿಯಾದೊಳಗೆ ಸೇರಿಸಿದ್ದರು. ಅದು ಬೆಳೆಯುತ್ತಾ ಮೈತುಂಬ ಬಾವುಟ ನೆಟ್ಟುಕೊಳ್ಳುತ್ತಿತ್ತು. ಆಮೇಲೆ ಅದನ್ನು ಒಡೆದು, ಸೋಸಿ, ಒಣಗಿಸಿ ಹೆಬ್ಬೆರಳುದ್ದದ ಸೀಸೆಗಳಲ್ಲಿ ಚಿಟಿಕೆ ಪುಡಿ ಮಾಡಿ ಕಳಿಸುತ್ತಿದ್ದರು. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂದು ಕೆಂಪಕ್ಷರದ ಚೀಟಿ. ಬ್ಯಾಕ್ಟೀರಿಯಾಕ್ಕೆ ಕಾಗದದ ಮೇಲೆ ಅಕ್ಷರ, ಅಂಕಿ ಸೇರಿದ ಉದ್ದದ ಹೆಸರಿತ್ತು. ಕಂಟ್ರೋಲ್ ರೂಮಿನವರು ಅದನ್ನು ಶಾಂತಮ್ಮ ಎಂದು ಕರೆಯುತ್ತಿದ್ದರು.

“ಶಾಂತಮ್ಮ ಹೇಗವ್ಳೆ ಇವತ್ತು?”

“ಮೂರನೇ ಟ್ಯಾಂಕಲ್ಲಿ ಮುನಿಸ್ಕೊಂಡವ್ಳೆ ಮೇಡಂ. ಊಟ ಸೇರ್ತಿಲ್ಲ.”

ಶಾಂತಮ್ಮನ ಕೊರಳಿಗೆ ಒಂದು ಹಗ್ಗವನ್ನೂ ಕಟ್ಟಿದ್ದರು. ಬದುಕಲು ಬೇಕಾದ ಒಂದು ಆಹಾರವನ್ನು ಅವಳು ತಾನೇ ತಯಾರಿಸಿಕೊಳ್ಳದ ಹಾಗೆ ಮಾಡಿದ್ದರು. ಅದನ್ನು ಟ್ಯಾಂಕಿಗೆ ಇವರೇ ಹಾಕಬೇಕು. ಅಕಸ್ಮಾತ್ ಹೊರಗೆ ಬಿದ್ದರೆ ಎರಡು ಮೂರು ದಿನದಲ್ಲಿ ಉಪವಾಸ ಸಾಯುತ್ತಾಳೆ. ಮಣ್ಣಿನಲ್ಲಿ, ಮೋರಿ ನೀರಿನಲ್ಲಿ, ಹಾಲಿನಲ್ಲಿ, ಅಂಗಡಿಯ ಪ್ಯಾಕೆಟ್ ಮೊಸರಿನಲ್ಲಿ ಬಿಟ್ಟು ನೋಡಿದ್ದರು. ಎಲ್ಲ ಕಡೆಯೂ ಸತ್ತಿದ್ದಳು. ಆ ಹಗ್ಗವನ್ನು ನಂಬಿಯೇ ಹೇಮಾವತಿ ಮಾಡಬಾರದ್ದನ್ನು ಮಾಡಿದಳು.

ಅವಳ ಅತ್ತೆ ಪುಟ್ಟತಾಯಮ್ಮನ ಬೆರಳುಗಳು ಶುಂಠಿ ಬೇರಿನ ಹಾಗೆ ಸೊಟ್ಟಗಾಗಿ ಊದಿಕೊಂಡಿದ್ದವು. ಜಡೆ ಹಾಕಲಾಗದು, ಸೌಟು ಹಿಡಿಯಲಾಗದು, ಸೀರೆಯ ನಿರಿಗೆ ಹಿಡಿಯಲು ಸೊಸೆಯೇ ಬರಬೇಕು. ಮಾತ್ರೆಗಳು ಹೊಟ್ಟೆ ಸುಡುತ್ತಿದ್ದವು. ಮುದುಕಿ ನರಳುವ ಜಾತಿಯಲ್ಲ. ಆದರೆ ಬೆಳಗ್ಗೆ ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತುವಾಗ ಅವಳು ತುಟಿ ಕಚ್ಚಿಕೊಳ್ಳುವುದನ್ನು ಹೇಮಾವತಿ ದಿನವೂ ನೋಡುತ್ತಿದ್ದಳು. ಗಂಡ ಲಾರಿ ಓಡಿಸಿಕೊಂಡು ತಿಂಗಳಿಗೆ ನಾಲ್ಕು ದಿನ ಮನೆಗೆ ಬರುವವನು. ಮನೆಯಲ್ಲಿ ಇದ್ದದ್ದು ಅತ್ತೆ, ಸೊಸೆ, ಎರಡನೇ ಕ್ಲಾಸಿನ ಸಿಂಚನ.

ಕಾರ್ಖಾನೆಯ ಮಹಡಿಯಲ್ಲಿ ಪಾದ ಊದಿದ ಇಲಿಗಳಿಗೆ ಶಾಂತಮ್ಮ ಬೆಳೆದ ಹಾಲನ್ನು ಕುಡಿಸಿ ನೋಡುತ್ತಿದ್ದರು. ಕುಂಟುತ್ತಿದ್ದ ಇಲಿಗಳು ಪಂಜರದ ಸರಳು ಹಿಡಿದು ಹತ್ತಿದ್ದನ್ನು ಹೇಮಾವತಿ ಕಣ್ಣಾರೆ ಕಂಡಳು. ಟ್ಯಾಂಕಿಗೆ ಬಿತ್ತನೆಯಾಗಿ ಹಾಕಿ ಉಳಿದ ಅಂಥದೇ ಹಾಲನ್ನು ಹಬೆಯಲ್ಲಿ ಬೇಯಿಸಿ ಚೆಲ್ಲುವುದು ನಿಯಮ. ಒಂದು ದಿನ ಅವಳು ಅದರಲ್ಲಿ ಒಂದು ಲೋಟದಷ್ಟನ್ನು ಚೆಲ್ಲಲಿಲ್ಲ. ಹಾಲಿಗೆ ಹಾಕಿ ಮೊಸರು ಮಾಡಿ ಬೇರೆ ಬಟ್ಟಲಲ್ಲಿ ಅತ್ತೆಗೆ ಕೊಟ್ಟಳು.

“ಇದು ಔಷಧಿ ಮೊಸರು ಅತ್ತೆ. ನೀವೊಬ್ಬರೇ ತಿನ್ನಿ. ಇದೊಂದೇ ಸಲ.”

“ಅಯ್ಯೋ, ಎಂಥಾ ಗಟ್ಟಿ ಮೊಸರೇ! ಚಾಕಲ್ಲಿ ಕುಯ್ಯಬೇಕು ಹಂಗದೆ.”

ಹೇಮಾವತಿ ಸ್ನಾನಕ್ಕೆ ಹೋದಳು. ಅಷ್ಟೂ ತಿನ್ನಲಾಗದೆ ಪುಟ್ಟತಾಯಮ್ಮ ಬಟ್ಟಲನ್ನು ನೋಡಿದಳು. ಅನ್ನ, ಹಾಲು, ಮೊಸರು ಚೆಲ್ಲುವ ಕೈ ಅಲ್ಲ ಅದು. ಉಳಿದದ್ದನ್ನು ತನ್ನ ಮೊಸರಿನ ಕುಡಿಕೆಗೆ ಬಗ್ಗಿಸಿ ಮುಚ್ಚಿಟ್ಟಳು. ಆ ಕುಡಿಕೆಯ ಹೆಪ್ಪು ಅವಳ ತವರಿನಿಂದ, ಮದುವೆಯ ವರ್ಷ, ಬಾಳೆ ಎಲೆ ಸುತ್ತಿದ ಚೊಂಬಿನಲ್ಲಿ ಬಂದದ್ದು. ಇವತ್ತಿನ ಮೊಸರೇ ನಾಳೆಯ ಹೆಪ್ಪು. ಅದು ಒಂದು ದಿನವೂ ಬರಿದಾಗಿರಲಿಲ್ಲ.

ಒಂದು ವಾರ ಕಳೆದ ಮೇಲೆ ಅತ್ತೆ ತಾನೇ ನಿರಿಗೆ ಹಿಡಿದು ಸೀರೆ ಉಟ್ಟುಕೊಂಡಳು. ಮತ್ತೊಂದು ವಾರಕ್ಕೆ ಹುರುಳಿಕಾಯಿ ಮುರಿದಳು. ಕೊಟ್ಟದ್ದು ಒಂದೇ ಸಲ, ಗುಣ ಮಾತ್ರ ದಿನದಿನಕ್ಕೂ ಹೆಚ್ಚುತ್ತಿದೆಯಲ್ಲ ಎಂದು ಹೇಮಾವತಿಗೆ ಒಮ್ಮೆ ಅನಿಸಿತು. ಒಳ್ಳೆಯದು ಮನೆಗೆ ಬಂದಾಗ ಹೇಗೆ ಬಂತು ಎಂದು ಅಡ್ಡ ಹಾಕಿ ಕೇಳುವವರು ಕಡಿಮೆ. ಅವಳೂ ಕೇಳಲಿಲ್ಲ.

ಕೈ ಬಂದ ಪುಟ್ಟತಾಯಮ್ಮ ಮೊದಲು ಮಾಡಿದ ಕೆಲಸ ಮೊಮ್ಮಗಳಿಗೆ ಕೈತುತ್ತು ಹಾಕಿದ್ದು. ಅನ್ನವನ್ನು ಬೆಣ್ಣೆಯಂತೆ ಕಿವುಚಿ, ಮೊಸರು ಕಲಸಿ, ಉಪ್ಪಿನಕಾಯಿಯ ಚೂರು ನೆಂಚಿ ಉಂಡೆ ಮಾಡಿ ಕೊಡುವಳು. ಸಂಜೆ ವಠಾರದ ಮಕ್ಕಳೆಲ್ಲ ಸುತ್ತ ಕೂತು ಅಂಗೈ ಚಾಚುತ್ತಿದ್ದವು.

“ಅಜ್ಜಿ, ನಂಗೆ ದೊಡ್ಡದು!”

“ನಿನ್ನ ಬಾಯಿಗಿಂತ ದೊಡ್ಡದು ಕೊಟ್ರೆ ಮೂಗಲ್ಲಿ ತಿಂತೀಯೇನೋ?”

ವಠಾರ ಎಂದರೆ ಆರು ಮನೆ, ನಡುವೆ ಒಂದು ನಲ್ಲಿ. ಪಕ್ಕದ ಮನೆಯ ಮಹದೇವಿ ಮೊದಲು ಬಂದಳು. “ನಮ್ಮನೆ ಮೊಸರು ಲೋಳೆ ಲೋಳೆ ಆಗೋಯ್ತು ಪುಟ್ಟತಾಯಕ್ಕ. ಚೂರು ಹೆಪ್ಪು ಕೊಡಿ.” ದೀಪ ಹಚ್ಚಿದ ಮೇಲಾದರೆ ಕೊಡುವುದಿಲ್ಲ ಎನ್ನಬಹುದು. ಹಗಲು ಹೊತ್ತಲ್ಲಿ ಹೆಪ್ಪು ಕೇಳಿ ಬಂದವಳನ್ನು ಬರಿಗೈಯಲ್ಲಿ ಕಳಿಸುವ ಹೆಂಗಸು ಆ ಕಡೆ ಹುಟ್ಟಿಲ್ಲ. ಮಹದೇವಿಯ ಮನೆಯಿಂದ ಎದುರು ಮನೆಗೆ, ಅಲ್ಲಿಂದ ಹಿಂದಿನ ಬೀದಿಯ ರೇವಮ್ಮನ ಮನೆಗೆ ಹೋಯಿತು. ರೇವಮ್ಮನಿಗೆ ಒಬ್ಬನೇ ಮಗ, ಕಾಲೇಜು ಓದುವವನು, ಹುಟ್ಟಿದಾಗಿನಿಂದ ಉಬ್ಬಸ. ಆ ಮೊಸರು ತಿಂದ ಮೇಲೆ ಅವನು ಕವಾಟದ ಹಾಗೆ ಎದೆ ತೆರೆದು ಉಸಿರಾಡಿದ. ಅಷ್ಟು ಸಾಕಾಯಿತು. ಹೆಪ್ಪಿಗೆ ಹೆಸರು ಬಂತು.

ಹೇಮಾವತಿಗೆ ಮೊದಲ ಹೆದರಿಕೆ ಹುಟ್ಟಿದ್ದು ಒಂದು ಸೊಳ್ಳೆಯಿಂದ. ಸಿಂಚನ ಜಗಲಿಯ ಮೇಲೆ ಕೂತು ಬಣ್ಣ ಹಾಕುತ್ತಿದ್ದಳು. ಅವಳ ತೋಳಿನ ಮೇಲೆ ಸೊಳ್ಳೆ ಕೂತು ಹೊಟ್ಟೆ ಕೆಂಪಾಗುವವರೆಗೆ ಕುಡಿದು ಹಾರಿತು. ಮಗು ಕೆರೆದುಕೊಳ್ಳಲಿಲ್ಲ. ಹೇಮಾವತಿ ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. ಗಂಧೆಯಿಲ್ಲ, ಕೆಂಪಿಲ್ಲ. ತೋಳಿನ ತುಂಬ ಸೂಜಿಮೊನೆಯಂಥ ಹಳೆಯ ಚುಕ್ಕೆಗಳು. ಒಂದೂ ಊದಿರಲಿಲ್ಲ.

“ಕಡಿತಾ ಇಲ್ವೇನೆ ಪುಟ್ಟಿ?”

“ಏನಮ್ಮ?”

ವಠಾರವನ್ನು ಹೊಸ ಕಣ್ಣಿನಿಂದ ನೋಡಿದಳು. ಆ ಬೇಸಿಗೆಯಲ್ಲಿ ಯಾರಿಗೂ ಸೆಕೆಗುಳ್ಳೆ ಎದ್ದಿರಲಿಲ್ಲ. ಯಾರೂ ಸೀನಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು, “ಈ ಸಲ ನಮ್ಮ ವಠಾರಕ್ಕೆ ದೇವರ ದಯೆ” ಎನ್ನುತ್ತಿದ್ದರು.

ಮಹದೇವಿಯ ಗಂಡ ನಿಂಗರಾಜು ಆಟೊ ಓಡಿಸುವವನು, ನಗಿಸುವುದರಲ್ಲಿ ಎತ್ತಿದ ಕೈ. ಎಲ್ಲೋ ಮೊಳೆ ತುಳಿದು ಬಂದಿದ್ದ. ಹೇಮಾವತಿ ಕೇಳಿದ್ದಕ್ಕೆ ಅಂಗಾಲು ಎತ್ತಿ ತೋರಿಸಿದ. ತೂತು ಹಾಗೇ ಇತ್ತು. ಸುತ್ತ ಬಾವಿಲ್ಲ, ಕೀವಿಲ್ಲ, ಚರ್ಮ ಮೇಣದ ಹಾಗೆ ಬಿಳಿಚಿಕೊಂಡಿತ್ತು.

“ಆಸ್ಪತ್ರೆಗೆ ಹೋಗಣ್ಣ.”

“ನೋವೇ ಇಲ್ವಲ್ಲ ತಾಯಿ. ನೋವಿಲ್ದೆ ಹೋದ್ರೆ ಡಾಕ್ಟ್ರು ನನ್ನ ನೋಡ್ತಾರಾ, ನಾನು ಡಾಕ್ಟ್ರನ್ನ ನೋಡ್ಕೊಂಡು ಬರೋದಾ?”

ಮೂರನೆಯ ದಿನ ಅವನು ಸ್ಟ್ಯಾಂಡಿನಲ್ಲಿ ಆಟೊದ ಹ್ಯಾಂಡಲ್ ಮೇಲೆ ತಲೆಯಿಟ್ಟು ಮಲಗಿದ್ದ. ಜೊತೆಯವರು ನಿದ್ದೆ ಎಂದುಕೊಂಡರು. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ರಕ್ತದ ತುಂಬ ನಂಜು ಕುದಿಯುತ್ತಿದೆ, ಮೈ ಮಾತ್ರ ತಣ್ಣಗಿದೆ. ಸಂಜೆಯೊಳಗೆ ಜೀವ ಹೋಯಿತು. “ಇಷ್ಟಿದ್ದೂ ಜ್ವರ ಬರಲಿಲ್ವಾ? ಒಂದು ದಿನಾನೂ?” ಎಂದು ಮಹದೇವಿಯನ್ನು ಮತ್ತೆ ಮತ್ತೆ ಕೇಳಿದರು. ಅವಳು ಗಂಡನ ಹೆಣದ ಪಕ್ಕ ಕೂತು, ತಾನೇ ತಪ್ಪು ಮಾಡಿದವಳ ಹಾಗೆ, “ಇಲ್ಲ ಸ್ವಾಮಿ, ಚೆನ್ನಾಗೇ ಇದ್ರು, ಬೆಳಗ್ಗೆ ಮೊಸರನ್ನ ಉಂಡ್ಕೊಂಡು ಹೋದ್ರು” ಎಂದಳು.

ಮಹದೇವಿಯ ಜೊತೆ ಆಸ್ಪತ್ರೆಗೆ ಬಂದಿದ್ದ ಹೇಮಾವತಿ ಮೊಸರನ್ನ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ಹೊರಟಳು. ಮನೆಗೆ ಬಂದವಳೇ ಕೇಳಿದಳು. “ಅತ್ತೆ, ನಾನು ಕೊಟ್ಟ ಮೊಸರು ಉಳಿದಿತ್ತಾ?”

“ಉಳೀದೆ? ಕುಡಿಕೆಗೆ ಹಾಕ್ದೆ. ಅದ್ರಿಂದ್ಲೇ ಅಲ್ವೇ ನಮ್ಮನೆ ಹೆಪ್ಪಿಗೆ ಈ ಕೈಗುಣ ಬಂದಿದ್ದು!”

ಮರುದಿನ ಅವಳು ಕುಡಿಕೆಯಿಂದ ಒಂದು ಚಮಚ ಮೊಸರನ್ನು ಕಾರ್ಖಾನೆಗೆ ತೆಗೆದುಕೊಂಡು ಹೋಗಿ ಗಾಜಿನ ಪಟ್ಟಿಯ ಮೇಲೆ ಹರಡಿದಳು. ಬಾವುಟಕ್ಕೆ ಮಾತ್ರ ಅಂಟುವ ಹಸಿರು ಬಣ್ಣದ ದ್ರವ ಹಾಕಿದಳು. ಇರಲಾರದು, ಎಂದೋ ಸತ್ತಿರಬೇಕು ಎಂದು ಹೇಳಿಕೊಳ್ಳುತ್ತಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ದೀಪಾವಳಿಯ ಬೀದಿಯ ಹಾಗೆ ತುದಿಯಿಂದ ತುದಿಗೆ ಹಸಿರು ಹಣತೆಗಳು.

ಹಿಂದೆ ಯಾರೋ ನಿಂತ ಹಾಗಾಯಿತು. ವಿಭಾಗದ ಮುಖ್ಯಸ್ಥೆ ಡಾಕ್ಟರ್ ಜಬೀನಾ. ನೆತ್ತಿ ನರೆತ, ಕಡಿಮೆ ಮಾತಿನ ಹೆಂಗಸು.

“ಯಾವ ಟ್ಯಾಂಕಿಂದು?”

“ಟ್ಯಾಂಕಿಂದಲ್ಲ ಮೇಡಂ. ನಮ್ಮನೆ ಮೊಸರು.”

ಜಬೀನಾ ನೋಡಿದರು, ನೋಡಿ ಕುರ್ಚಿಯ ಮೇಲೆ ಕೂತರು. ಬೈಯುತ್ತಾರೆಂದು ಹೇಮಾವತಿ ಕಾದಳು. ಅವರು ಕೇಳಿದ್ದು ಒಂದೇ ಪ್ರಶ್ನೆ. “ನಿಮ್ಮನೆ ಹೆಪ್ಪು ಎಷ್ಟು ಹಳೇದು?”

“ನಮ್ಮತ್ತೆ ಮದುವೆಗಿಂತ ಹಳೇದು.”

“ಅದೇ ಆಗಿದ್ದು. ನಾವು ಪರೀಕ್ಷೆ ಮಾಡಿದ್ದು ಪ್ಯಾಕೆಟ್ ಮೊಸರಲ್ಲಿ. ಅದರಲ್ಲಿ ಒಂದೆರಡು ಜಾತಿ ಇರ್ತವೆ, ಅಷ್ಟೇ. ಮನೆ ಕುಡಿಕೆಯಲ್ಲಿ ನೂರಾರು ಜಾತಿ. ದಿನಾ ಸಾಯ್ತವೆ, ದಿನಾ ಹುಟ್ತವೆ. ಸತ್ತವುಗಳ ಮೈಯಿಂದ ನಮ್ಮ ಶಾಂತಮ್ಮನಿಗೆ ಬೇಕಾದ ಊಟ ಸಿಕ್ಕಿದೆ. ಪ್ರತಿದಿನ ಹೊಸ ಹಾಲು, ಪ್ರತಿದಿನ ಹೊಸ ಹೆಣ.” ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನಮ್ಮಮ್ಮನ ಹೆಪ್ಪೂ ಹಾಗೇ ಇದೆ, ಹೇಮಾವತಿ. ಅದನ್ನ ನಾನು ಯಾಕೆ ಯೋಚಿಸಲಿಲ್ಲ?”

“ತಿನ್ನೋದು ನಿಲ್ಸಿದ್ರೆ ಹೊರಟು ಹೋಗ್ತದಾ ಮೇಡಂ?”

“ಬೇರೆ ಮೊಸರಾದ್ರೆ ಹೋಗ್ತದೆ. ಇದು ಬಾವುಟ ಹಿಡಕೊಂಡು ಒಳಗೆ ಹೋಗಿದೆ. ಹೊಡೆದು ಓಡಿಸೋರು ಯಾರು? ಕರುಳಲ್ಲೇ ಮನೆ ಮಾಡಿರ್ತದೆ. ಮಾತ್ರೆ ಕೊಟ್ಟು ಕೊಲ್ಲಬೇಕು. ಕೊಲ್ಲೋದು ಕಷ್ಟವಲ್ಲ. ಯಾರ್‍ಯಾರ ಹತ್ತಿರ ಇದೆ ಅಂತ ಗೊತ್ತಾಗಬೇಕಲ್ಲ?”

ಅಷ್ಟರಲ್ಲಿ ಹೇಮಾವತಿಯ ಫೋನು ಬಡಿದುಕೊಂಡಿತು. ಅತ್ತೆ.

“ಸಿಂಚನ ಬೆಳಗಿಂದ ಊಟ ಒಲ್ಲೆ ಅಂತವ್ಳೆ ಕಣೆ. ಮಂಕಾಗಿ ಕೂತವ್ಳೆ. ಏನೂ ಇಲ್ಲ, ಹಣೆ ತಣ್ಣಗೇ ಅದೆ. ಗಾಬರಿಯಾಗ್ಬೇಡ.”

ಹೇಮಾವತಿ ಟೋಪಿ, ಕಾಲುಚೀಲ ತೆಗೆಯದೆ ಓಡಿದಳು.

ಮಗು ಗೋಡೆಗೆ ಒರಗಿ ಕೂತಿತ್ತು. ತುಟಿ ಬೂದಿ ಬಣ್ಣ. “ಹೊಟ್ಟೇಲಿ ಏನೋ ತುಂಬ್ಕೊಂಡ ಹಾಗಿದೆ ಅಮ್ಮ” ಎಂದಿತು ಮೆಲ್ಲಗೆ. ಮಣಿಕಟ್ಟು ಹಿಡಿದರೆ ನಾಡಿ ಗುಬ್ಬಿಯೆದೆಯ ಹಾಗೆ ಓಡುತ್ತಿತ್ತು.

ಆಸ್ಪತ್ರೆಯಲ್ಲಿದ್ದ ಎಳೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದ. ಒತ್ತಿದಲ್ಲೆಲ್ಲ ಮೆತ್ತಗಿತ್ತು. “ನೋವಾಗ್ತದಾ ಪುಟ್ಟಾ?” “ಇಲ್ಲ ಅಂಕಲ್.” ಜ್ವರ ನೋಡಿದ, ಇಲ್ಲ. ರಕ್ತದ ಬಿಳಿಕಣ ನೋಡಿದ, ಏರಿಲ್ಲ.

“ಗ್ಯಾಸ್ ಅಮ್ಮ. ಸಿರಪ್ ಬರೀತೀನಿ. ನಾಳೆ ಕರ್ಕೊಂಡು ಬನ್ನಿ.”

“ನಾಳೆ ಅನ್ನೋದು ಇವಳಿಗಿಲ್ಲ ಡಾಕ್ಟ್ರೇ. ಒಳಗೆ ಏನೋ ಒಡೆದಿದೆ. ಸ್ಕ್ಯಾನ್ ಮಾಡಿ.”

“ಒಡೆದಿದ್ರೆ ಹೊಟ್ಟೆ ಕಲ್ಲಾಗಿರ್ತಿತ್ತು. ಮಗು ಕಿರುಚ್ತಾ ಇರ್ತಿತ್ತು. ನೀವು ಇಂಟರ್ನೆಟ್ ಓದಿ ಬಂದು…”

“ಕಿರುಚೋದಕ್ಕೆ ಆಗಲ್ಲ ಅವಳ ಮೈಗೆ. ಬಾಯಿ ಕಟ್ಟಿದೆ.”

“ನಿಮಗೆ ಹೇಗೆ ಗೊತ್ತು?”

ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ಬಾಗಿಲು ತೆರೆದೇ ಇತ್ತು. ಹೇಳಿದರೆ ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ, ನಾಳೆ ಮಹದೇವಿಯ ಎದುರು ನಿಲ್ಲಬೇಕು. ಇವೆಲ್ಲ ಒಂದು ಉಸಿರಿನಲ್ಲಿ ಹೇಮಾವತಿಯ ತಲೆಯಲ್ಲಿ ಹಾದು ಹೋದವು.

“ಬಾಯಿ ಕಟ್ಟಿದ್ದನ್ನ ಮನೆಗೆ ತಂದವಳು ನಾನೇ” ಎಂದಳು. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಡಾಕ್ಟರು ಅರ್ಧ ನಂಬಿದ, ಅರ್ಧ ನಂಬಲಿಲ್ಲ. ಆದರೆ ನಿಂಗರಾಜುವಿನ ಹೆಸರು ಕೇಳಿದ್ದೇ ಅವನ ಮುಖದ ಬಣ್ಣ ಹೋಯಿತು. ಆ ದಿನ ಡ್ಯೂಟಿಯಲ್ಲಿದ್ದವನು ಅವನೇ.

ಸ್ಕ್ಯಾನಿನಲ್ಲಿ ಹೊಟ್ಟೆಯ ತುಂಬ ಮೋಡ ಕವಿದಿತ್ತು. ಕರುಳಬಾಲ, ಅಂದರೆ ಅಪೆಂಡಿಕ್ಸ್, ಒಡೆದು ಒಂದು ದಿನವಾಗಿತ್ತು. ದೊಡ್ಡವರಾದರೂ ನೆಲದ ಮೇಲೆ ಹೊರಳಾಡಬೇಕಾದ ಸ್ಥಿತಿ. ಈ ಮಗು ಅದನ್ನು ಹೊತ್ತುಕೊಂಡು ಬಣ್ಣದ ಪೆನ್ಸಿಲ್ ಹಿಡಿದು ಕೂತಿತ್ತು. ಸರ್ಜನ್ ಓಡಿ ಬಂದರು. ಜಬೀನಾ ಹಿಂದಿನಿಂದಲೇ ಬಂದು ಯಾವ ಔಷಧಿಗೆ ಶಾಂತಮ್ಮ ಸಾಯುತ್ತಾಳೆಂದು ಹೇಳಿದರು. ಆಪರೇಷನ್ ಮುಗಿಸಿ ಬಂದ ಸರ್ಜನ್, “ತೊಳೆದಿದ್ದೀವಿ. ಇನ್ನು ಅವಳ ಮೈ ಎದ್ದು ಹೋರಾಡಬೇಕು. ಏಳ್ತದಾ ಅಂತ ನಂಗೆ ಗೊತ್ತಿಲ್ಲ” ಎಂದರು.

ಸಿಂಚನ ಬಹಳ ದಿನ ತೂಗಾಡಿದಳು. ಒಂದು ಮಧ್ಯಾಹ್ನ ಗಾಯದ ಸುತ್ತ ತೆಳ್ಳಗೆ ಕೆಂಪು ಕಾಣಿಸಿಕೊಂಡಿತು. ನರ್ಸು ಬಟ್ಟೆ ಬದಲಿಸುವಾಗ ಮಗು “ಅಮ್ಮಾ ಉರಿ!” ಎಂದು ವಾರ್ಡೆಲ್ಲ ಕೇಳುವಂತೆ ಅತ್ತಿತು. ಬೇರೆ ತಾಯಂದಿರು ಅಯ್ಯೋ ಎಂದರು. ಹೇಮಾವತಿ ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡು ಆ ಅಳುವನ್ನು ಹಬ್ಬದ ಊಟದ ಹಾಗೆ ಉಂಡಳು.

ಡಾಕ್ಟರು ಮನೆಗೆ ಕಳಿಸುವ ದಿನ ಗೊತ್ತು ಮಾಡಿದರು. ಜೊತೆಗೆ ಒಂದು ಮಾತನ್ನೂ ಹೇಳಿದರು. “ಇನ್ನೊಂದು ಸಲ ಆ ಮೊಸರು ಅವಳ ಹೊಟ್ಟೆಗೆ ಹೋದರೆ ನಾವು ಏನೂ ಮಾಡೋಕಾಗಲ್ಲ. ಒಂದು ಚಮಚವೂ ಬೇಡ. ಆ ಮೊಸರು ಮುಟ್ಟಿದ ಕೈಯೂ ಬೇಡ.”

ಅಷ್ಟರೊಳಗೆ ಊರಿಗೆ ಸುದ್ದಿ ಹರಡಿತ್ತು. ಹೇಮಾವತಿಯನ್ನು ಕೆಲಸದಿಂದ ತೆಗೆದಿದ್ದರು, ವಿಚಾರಣೆ ನಡೆಯುತ್ತಿತ್ತು. ಆಟೊಕ್ಕೆ ಮೈಕು ಕಟ್ಟಿಕೊಂಡು ‘ಮನೆಯ ಮೊಸರು ಚೆಲ್ಲಿ, ಪಾತ್ರೆ ಕುದಿಸಿ, ಮಾತ್ರೆ ತೆಗೆದುಕೊಳ್ಳಿ’ ಎಂದು ಸಾರಿದರು. ವಠಾರದವರಿಗೆಲ್ಲ ಹತ್ತು ದಿನದ ಮಾತ್ರೆ ಹಂಚಿದರು. ಮಾತ್ರೆ ಮುಗಿಯುವ ಹೊತ್ತಿಗೆ ಮಕ್ಕಳು ಸೊಳ್ಳೆ ಕಡಿದಲ್ಲಿ ಕೆರೆದುಕೊಳ್ಳತೊಡಗಿದವು, ಎದುರು ಮನೆಯವನು ಸೀನಿದ. ಮಹದೇವಿ ಹೇಮಾವತಿಯ ಜೊತೆ ಮಾತು ಬಿಟ್ಟಿದ್ದಳು. ನಲ್ಲಿಯ ಹತ್ತಿರ ಇವಳು ಬಂದರೆ ಅವಳು ಕೊಡ ಎತ್ತಿಕೊಂಡು ಹೋಗುವಳು, ತುಂಬದಿದ್ದರೂ.

ಪುಟ್ಟತಾಯಮ್ಮ ತವರಿನ ಹೆಪ್ಪಿನ ಕುಡಿಕೆಯನ್ನು ಎಲ್ಲರೆದುರು ಕಲ್ಲಿಗೆ ಹೊಡೆದು ಒಡೆದಿದ್ದಳು. ಮೊಮ್ಮಗಳು ಬರುವ ಹಿಂದಿನ ದಿನ ಆಸ್ಪತ್ರೆಯಲ್ಲಿ ಮಗುವಿನ ಹತ್ತಿರ ಲಾರಿ ಬಿಟ್ಟು ಬಂದ ಅಪ್ಪನಿದ್ದ. ಆ ಸಂಜೆ ಅವಳೇ ಸೀರೆ ಸೆರಗು ಬಿಗಿದು ಹೊರಟು ನಿಂತಳು.

“ಆ ಮೈಕಿನ ಮಾತು ಯಾರ್ ಕೇಳ್ತಾರೆ? ಕೊಟ್ಟೋಳು ನಾನು. ನಾನೇ ಹೋಗಿ ವಾಪಸ್ ಕೇಳ್ತೀನಿ. ನೀನೂ ಬಾ.”

ಕೊಟ್ಟ ಹೆಪ್ಪನ್ನು ಹಿಂದಕ್ಕೆ ಕೇಳುವುದು ಯಾರೂ ಮಾಡದ ಕೆಲಸ. ಮೊದಲು ರೇವಮ್ಮನ ಮನೆ. ಒಳಗೆ ಮಗ ಕೂತು ಊಟ ಮಾಡುತ್ತಿದ್ದ, ಇವರನ್ನು ಕಂಡು ತಟ್ಟೆ ಎತ್ತಿಕೊಂಡು ಒಳಗೆ ಹೋದ.

“ಚೆಲ್ಬಿಟ್ಟೆ ಅಕ್ಕ, ಆವತ್ತೇ ಚೆಲ್ಬಿಟ್ಟೆ” ಎಂದಳು ರೇವಮ್ಮ. ಒಳಗಿನಿಂದ ಪಾತ್ರೆ ತಂದು ಬೋರಲು ಹಿಡಿದು ತೋರಿಸಿದಳು. ಉಜ್ಜಿ ಉಜ್ಜಿ ತೊಳೆದ ಪಾತ್ರೆ, ಕನ್ನಡಿಯಂತೆ ಹೊಳೆಯುತ್ತಿತ್ತು.

“ಮಗನ ಉಬ್ಬಸ ಹೆಂಗದೆ?”

“ಅವನಿಗೇನು, ಚೆನ್ನಾಗವ್ನೆ.” ಹೇಳಿದವಳು ನಾಲಿಗೆ ಕಚ್ಚಿಕೊಂಡಳು. “ಅಂದ್ರೆ… ಹಂಗೇ ಅದೆ. ಆಗಾಗ ಬತ್ತದೆ.”

ಒಳಗಿನಿಂದ ಉಸಿರಿನ ಸಿಳ್ಳೆ ಕೇಳಿಸಲಿಲ್ಲ. ಕೆಮ್ಮು ಕೇಳಿಸಲಿಲ್ಲ. 

ಬೀದಿಗೆ ಬಂದ ಮೇಲೆ ಹೇಮಾವತಿ ಸಿಡಿದಳು. “ಇಟ್ಕೊಂಡಿದ್ದಾಳೆ ಅತ್ತೆ! ಅವನೇ ಸಾಯ್ತಾನೆ ಒಂದಿನ. ನಿಂಗರಾಜಣ್ಣನ್ನ ನೋಡಿದ ಮೇಲೂ…”

“ಇಟ್ಕೊಂಡೇ ಇರ್ತಾಳೆ. ಹೆಪ್ಪು ಪೂರ್ತಿ ಚೆಲ್ಲೋ ಹೆಂಗಸು ಎಲ್ಲವ್ಳೆ? ಏನೇ ಆಗ್ಲಿ ಅಂತ ಒಂದು ಚಮಚ ಪಕ್ಕಕ್ಕೆ ಎತ್ತಿಟ್ಟಿರ್ತಾಳೆ” ಎಂದಳು ಪುಟ್ಟತಾಯಮ್ಮ. ಹೇಳುತ್ತಲೇ ರೇವಮ್ಮನ ಗೇಟಿನ ತುಕ್ಕು ಹಿಡಿದ ಚಿಲಕವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಎಳೆದು, ಸಲೀಸಾಗಿ ಹಾಕಿದಳು.

ಹೇಮಾವತಿಯ ಕಣ್ಣು ಆ ಬೆರಳುಗಳ ಮೇಲೇ ನಿಂತಿತು. ಮಾತ್ರೆ ನುಂಗಿದ್ದರೆ ಇಷ್ಟು ಹೊತ್ತಿಗೆ ಆ ಗಂಟುಗಳು ಮತ್ತೆ ಊದಬೇಕಿತ್ತು. ಬೆಳಗ್ಗೆ ಸೀರೆ ಉಟ್ಟವಳು ಯಾರು? ನಿರಿಗೆ ಹಿಡಿಯಲು ತನ್ನನ್ನು ಕರೆದಿರಲಿಲ್ಲ.

“ಅತ್ತೆ.”

“ಊಂ.”

“ನೀವೂ ಎತ್ತಿಟ್ಟಿದ್ದೀರಾ?”

ಮುದುಕಿ ಮುಂದಿನ ಮನೆಯ ಕಡೆ ಎರಡು ಹೆಜ್ಜೆ ನಡೆದಳು. ಆಮೇಲೆ ನಿಂತಳು. ತಿರುಗಿ ನೋಡಲಿಲ್ಲ.

“ಬೇರೆ ಲೋಟ ಇಟ್ಕೊಂಡಿದ್ದೆ ಕಣೆ. ಬೇರೆ ಚಮಚ. ಮಗೀನ ಹತ್ರಕ್ಕೂ ತರ್ತಿರಲಿಲ್ಲ. ಕೈ ಸೋಪ್ ಹಾಕಿ ತೊಳ್ಕೊಂಡೇ ಮುಟ್ತಿದ್ದೆ.”

“ನಾಳೆ ಅವಳು ಮನೆಗೆ ಬರ್ತಾಳೆ ಅತ್ತೆ!”

“ಅದಕ್ಕೇ ಕಣೆ. ಬಂದೋಳು ಅಜ್ಜೀ ತುತ್ತು ಕೊಡು ಅಂತ ಕೇಳ್ತಾಳೆ. ಇನ್ನೊಂದ್ ಸಲ ಈ ಕೈಯಿ ಕೊರಡಾದ್ರೆ…”

ಹೇಮಾವತಿ ಬೈಯಲಿಲ್ಲ. ಇಬ್ಬರೂ ಮನೆಗೆ ನಡೆದರು. ಪುಟ್ಟತಾಯಮ್ಮ ಅಡಿಗೆಮನೆಯ ಅಟ್ಟದ ಮೇಲೆ, ಹಳೆಯ ಪಾತ್ರೆಗಳ ಹಿಂದಿನಿಂದ ಒಂದು ಸ್ಟೀಲ್ ಲೋಟ ತೆಗೆದಳು. ಮೇಲೆ ತಟ್ಟೆ ಮುಚ್ಚಿತ್ತು. ಸೊಸೆಯ ಕೈಗೆ ಕೊಟ್ಟು, ಡಬ್ಬಿಯಿಂದ ಮಾತ್ರೆಯ ಪಟ್ಟಿ ತೆಗೆದು, ಸೊಸೆ ನೋಡುತ್ತಿರುವಂತೆಯೇ ಒಂದನ್ನು ನೀರಿಲ್ಲದೆ ನುಂಗಿದಳು. ಅಲ್ಲಿಯವರೆಗೆ ಪಟ್ಟಿಯಲ್ಲಿ ಒಂದೂ ಖರ್ಚಾಗಿರಲಿಲ್ಲ.

ಹೇಮಾವತಿ ಲೋಟವನ್ನು ಒಲೆಯ ಮೇಲಿನ ಕುದಿಯುವ ನೀರಿಗೆ ಮುಳುಗಿಸಿದಳು. ಬಿಳಿಯ ಗಡ್ಡೆಗಳು ಮೇಲೆದ್ದು ಸುತ್ತಿದವು. ಇನ್ನೆಲ್ಲೂ ಇಲ್ಲವಲ್ಲ ಎಂದು ಕೇಳುವವಳಿದ್ದಳು, ಮುದುಕಿಯೇ ಮೊದಲು ಮಾತಾಡಿದಳು.

“ನೀನು ಕೇಳಿದ್ಯಲ್ಲ, ಅದ್ಕೇ ಕೊಟ್ಟೆ ಹೇಮಾ. ಕೇಳ್ದೆ ಇದ್ದಿದ್ರೆ ದೇವರಾಣೆ ಕೊಡ್ತಿರ್ಲಿಲ್ಲ.”

ಹಿತ್ತಿಲ ಕಿಟಕಿಯಾಚೆ ಬೀದಿ ಕಾಣುತ್ತಿತ್ತು. ಅದರಾಚೆ ಇನ್ನೊಂದು ಬೀದಿ. ಆಟೊದ ಮೈಕು ಎಲ್ಲೋ ದೂರದಲ್ಲಿ ಕೂಗುತ್ತಿತ್ತು. ಹೋಗಿ ಹೀಗೆ ಬಾಯಿಬಿಟ್ಟು ಕೇಳಬೇಕಾದ ಮನೆಗಳಲ್ಲೆಲ್ಲ ಹಾಲು ಕಾಯಿಸಿ, ಆರಿಸಿ, ಹೆಂಗಸರು ಹೆಪ್ಪು ಹಾಕುವ ಹೊತ್ತು ಅದು.